ಮಳೆ ಬಂದು ಹೋಗಿದ್ದೋ, ಬರ್ತಿರೋದೋ?

ನಮ್ಮನೆ ಫ್ರಿಜ್ ಬಾಗಿಲ ಮೇಲೆ ನಾಲ್ಕು ವರ್ಷದಿಂದ ಒಂದು ಪೋಸ್ಟ್‌ಕಾರ್ಡ್ ಇದೆ. ಕಪ್ಪುಬಿಳುಪು. ಬಲಗಡೆ ದಿಬ್ಬದ ಮೇಲೆ ಮೂರು ಮರ, ಎಡಗಡೆ ಮೇಲಿನ ಮೂಲೆಯಿಂದ ಓರೆಯಾಗಿ ಇಳಿಯೋ ಮಳೆ, ಮಧ್ಯೆ ಕಣ್ಣು ಹಾಯೋವರೆಗೂ ಚಪ್ಪಟೆ ಬಯಲು. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ 1643ರಲ್ಲಿ ಮಾಡಿದ ಎಚಿಂಗ್, ಅಂದ್ರೆ ತಾಮ್ರದ ತಗಡಲ್ಲಿ ಗೆರೆ ಕೊರೆದು ಕಾಗದಕ್ಕೆ ತೆಗೆದ ಅಚ್ಚು, ‘ಮೂರು ಮರಗಳು’ ಅಂತ ಕರೀತಾರೆ. ದಿನಾ ಬೆಳಿಗ್ಗೆ ಹಾಲು ತೆಗೆಯೋವಾಗ ಕಣ್ಣಿಗೆ ಬೀಳುತ್ತೆ, ಹಾಗಾಗಿ ದಿನಾ ನೋಡ್ತಿದೀನಿ ಅಂತಲೇ ಅಂದ್ಕೊಂಡಿದ್ದೆ.

ಅಮ್ಮ ತಿಪಟೂರು ಕಡೆಯ ಹಳ್ಳಿಯಿಂದ ಇಲ್ಲಿಗೆ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ಗೆ, ಮೂರು ತಿಂಗಳ ವೀಸಾ ಮೇಲೆ ಬಂದಿದ್ಲು. ಅಪ್ಪ ಹೋದ ಮೇಲೆ ಮೊದಲ ಸಲ ಊರು ಬಿಟ್ಟಿದ್ದು. ಬಂದ ಎರಡನೇ ವಾರ, ಒಂದು ಸಂಜೆ ಫ್ರಿಜ್ ಮುಂದೆ ನಿಂತವಳು ಬಾಗಿಲು ತೆಗೀಲೇ ಇಲ್ಲ, ಕನ್ನಡಕ ಹಣೆ ಮೇಲಕ್ಕೆ ತಳ್ಳಿ ಕಾರ್ಡಿಗೆ ಮೂಗು ತಾಗೋ ಹಾಗೆ ಬಗ್ಗಿ ಸುಮಾರು ಹೊತ್ತು ನೋಡಿ, ನನ್ನ ಕಡೆ ತಿರುಗದೇನೇ ಕೇಳಿದ್ಲು.

“ಇದ್ರಾಗೆ ಮಳೆ ಬಂದು ಓಗೈತೋ ಮಗ, ಇಲ್ಲ ಬತ್ತಾ ಐತೋ?”

ನನಗೆ ಉತ್ತರ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯ್ತು, ಈ ಚಿತ್ರದ ಬಗ್ಗೆ ಬರೆದಿರೋರು ಕೂಡ ಎರಡು ಥರ ಹೇಳ್ತಾರೆ, ಬಿರುಗಾಳಿ ಮಳೆ ಇನ್ನೇನು ಬರುತ್ತೆ ಅನ್ನೋರು ಕೆಲವರು, ಈಗ ತಾನೇ ಹೋಯ್ತು ಅನ್ನೋರು ಕೆಲವರು. ಅಂದ್ರೆ ಅಮ್ಮ ಕೇಳಿದ್ದು ಚಿತ್ರದ ಹೊಟ್ಟೆಯೊಳಗಿನ ಪ್ರಶ್ನೆ. ಬಣ್ಣ ಚೆನ್ನಾಗಿದೆಯಾ, ಯಾರು ಬರೆದಿದ್ದು, ಎಷ್ಟು ದುಡ್ಡು, ಯಾವುದೂ ಕೇಳದೆ ಸೀದಾ ಮಳೆ ವಿಷಯಕ್ಕೇ ಬಂದಿದ್ಲು.

ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದೆ. ಇಲ್ಲಿನ ರೈಕ್ಸ್‌ಮ್ಯೂಸಿಯಂ ತನ್ನ ಹತ್ರ ಇರೋ ಚಿತ್ರಗಳನ್ನ ದೊಡ್ಡ ಸೈಜಲ್ಲಿ ಫ್ರೀಯಾಗಿ ಡೌನ್‌ಲೋಡ್ ಮಾಡ್ಕೊಳ್ಳೋಕೆ ಬಿಡುತ್ತೆ, ಅವರ ಹತ್ರ ಈ ಎಚಿಂಗ್‌ನ ಪ್ರತಿ ಇದೆ. ಮೂಲ ಅಚ್ಚಿನ ಅಳತೆ ಸುಮಾರು 21 ಸೆಂಟಿಮೀಟರ್ ಎತ್ತರ, 28 ಸೆಂಟಿಮೀಟರ್ ಅಗಲ, ಅಂದ್ರೆ ಒಂದು ಎ4 ಹಾಳೆನ ಅಡ್ಡ ಇಟ್ಟಷ್ಟು. ರೆಂಬ್ರಾಂಟ್ ಮಾಡಿದ ಊರು-ಬಯಲಿನ ಎಚಿಂಗ್‌ಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಆದ್ರೂ ಅಷ್ಟೇ. ಮನೆ ಪ್ರಿಂಟರ್‌ನಲ್ಲಿ ಒಂದು ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಇಟ್ಟೆ, ಪಕ್ಕದಲ್ಲಿ ಲ್ಯಾಪ್‌ಟಾಪಲ್ಲಿ ಝೂಮ್ ಮಾಡ್ತಾ ಹೋದೆ, ಅಮ್ಮ ಕಾಲು ಮಡಚಿ ಕುರ್ಚಿ ಮೇಲೆ ಕೂತ್ಲು.

ಮೊದಲು ಕಂಡಿದ್ದು ಎಡಗಡೆ ಕೆಳಗೆ ನೀರಿನ ಅಂಚಲ್ಲಿ ಒಬ್ಬ ಗಂಡಸು, ಕೈಲಿ ಗಾಳ. ಅವನ ಪಕ್ಕ ಒಬ್ಬ ಹೆಂಗಸು ಕೂತಿದಾಳೆ, ಸುಮ್ನೆ ನೀರು ನೋಡ್ತಾ. ಪೋಸ್ಟ್‌ಕಾರ್ಡ್‌ನಲ್ಲಿ ಇವರಿಬ್ಬರೂ ಒಂದು ಕಪ್ಪು ಕಲೆ ಥರ ಇದ್ರು. ಅವರ ಹಿಂದೆ ಬಯಲು ಶುರುವಾಗುತ್ತೆ, ಬಯಲಲ್ಲಿ ದನ, ದನದ ಹಿಂದೆ ಜನ, ಅದರಾಚೆ ತೆಳ್ಳಗೆ ಒಂದು ಊರಿನ ಗೋಪುರ-ಗಾಳಿಗಿರಣಿಗಳ ಸಾಲು. ಅದು ಆಮ್‌ಸ್ಟರ್‌ಡ್ಯಾಮ್ ಅಂತ ಹೆಚ್ಚಿನವರು ಗುರುತಿಸ್ತಾರೆ. ಮರದ ಹಿಂದಿನ ದಿಬ್ಬದ ನೆತ್ತಿ ಮೇಲೆ ಜನ ತುಂಬಿದ ಗಾಡಿ ಒಂದು ಹೋಗ್ತಿದೆ. ಇನ್ನೂ ಬಲಕ್ಕೆ, ಚಿತ್ರದ ಅಂಚಿಗೆ ಹತ್ರ, ಆಕಾಶದ ಬಿಳುಪಿಗೆ ಎದುರಾಗಿ ಒಬ್ಬ ಕೂತಿದಾನೆ, ಚಿತ್ರ ಬರೀತಿದಾನೆ. ಆದ್ರೆ ಅವನು ಮಳೆ ಕಡೆ ನೋಡ್ತಿಲ್ಲ, ಮರದ ಕಡೆನೂ ನೋಡ್ತಿಲ್ಲ, ನಮಗೆ ಕಾಣದ ಬಲಗಡೆಗೆ ತಿರುಗಿದಾನೆ.

“ಇಂಥಾ ಮಳೆ ಬುಟ್ಟು ಅವ್ನ್ಯಾಕೆ ಆ ಕಡೀಕೆ ತಿರುಗ್ಕಂಡವ್ನೆ?” ಅಂದ್ಲು ಅಮ್ಮ. ನಾನು ಸುಮಾರು ಹೊತ್ತು ಅವನನ್ನೇ ನೋಡ್ದೆ. ಚಿತ್ರಕಾರನನ್ನ ಚಿತ್ರದೊಳಗೆ ಇಡೋ ರೂಢಿ ಹೊಸದಲ್ಲ, ಆದ್ರೆ ಸಾಮಾನ್ಯವಾಗಿ ಅವನು ನಾವು ನೋಡೋದನ್ನೇ ನೋಡ್ತಿರ್ತಾನೆ. ಇಲ್ಲಿ ಹಾಗಲ್ಲ. ಇಷ್ಟು ದೊಡ್ಡ ಆಕಾಶ ಅವನ ಬೆನ್ನ ಹಿಂದೆ ನಡೀತಿದೆ, ಅವನಿಗೆ ಬೇರೇನೋ ಸಿಕ್ಕಿದೆ.

ಕೆಳಗಡೆ ಬಲ ಮೂಲೆಯ ಪೊದೆ ಇದೆಯಲ್ಲ, ಅಲ್ಲಿ ಗೆರೆ ಮೇಲೆ ಗೆರೆ ಎಳೆದು ಹೆಚ್ಚುಕಮ್ಮಿ ಪೂರ್ತಿ ಕಪ್ಪು ಮಾಡಿದಾನೆ. ಅಲ್ಲಿ ಇಬ್ಬರಿದಾರೆ ಅಂತ ನಾನು ಓದಿದ್ದೆ, ಆದ್ರೆ ಹುಡುಕೋಕೆ ನನಗೆ ಹತ್ತು ನಿಮಿಷ ಬೇಕಾಯ್ತು. ಸ್ಕ್ರೀನ್ ಬ್ರೈಟ್‌ನೆಸ್ ಜಾಸ್ತಿ ಮಾಡಿ ಝೂಮ್ ಮಾಡಿದಾಗ ಎಲೆಗಳ ನಡುವೆ ಮೊದಲು ಒಂದು ಮುಖದ ಹಾಗೆ, ಆಮೇಲೆ ಇನ್ನೊಂದು. ಪ್ರೇಮಿಗಳು. ಅಚ್ಚು ತೆಗೆದ ಕಾಗದದ ಮೇಲೆ, ಮೇಣದಬತ್ತಿ ಬೆಳಕಲ್ಲಿ, ಇವರನ್ನ ಎಷ್ಟು ಜನ ನೋಡಿರಬಹುದು? ಕಾಣಲಿ ಅಂತ ಮಾಡಿದ್ದೇ ಅಲ್ಲವೇನೋ. ಅಮ್ಮನಿಗೆ ತೋರಿಸಿದೆ. ಬಗ್ಗಿ ನೋಡಿದ್ಲು, ಒಂದು ಕ್ಷಣ ಅಷ್ಟೇ. “ಇರ್ಲಿ ಬುಡು, ಅವ್ರ ಪಾಡಿಗೆ ಅವ್ರು ಕೂತವ್ರೆ” ಅಂತ ಲ್ಯಾಪ್‌ಟಾಪ್ ಪರದೆಯಿಂದ ಹಿಂದಕ್ಕೆ ಸರಿದು ಕೂತ್ಲು.

ಇಲ್ಲೊಂದು ಮಾತು ಹೇಳಬೇಕು. ದನ ಕಾಯೋರು, ಕುರಿ ಕಾಯೋರು, ಕೊಳಲು, ಹೂಮಾಲೆ, ಮರದ ನೆರಳಲ್ಲಿ ಪ್ರೀತಿ ಅನ್ನೋ ಕಥೆಗೆ ಆ ಕಾಲದ ಹಾಲೆಂಡಲ್ಲಿ ದೊಡ್ಡ ಫ್ಯಾಷನ್ ಇತ್ತು. ಊರ ಶ್ರೀಮಂತರು ಗೊಲ್ಲರ ವೇಷ ಹಾಕ್ಕೊಂಡು ತಮ್ಮ ಪಟ ಬರೆಸ್ಕೊಳ್ತಿದ್ರು. ರೆಂಬ್ರಾಂಟೇ ತನ್ನ ಹೆಂಡತಿ ಸಾಸ್ಕಿಯಾಳನ್ನ 1634ರಲ್ಲಿ ಹೂವಿನ ದೇವತೆ ಫ್ಲೋರಾ ಮಾಡಿ ಬರೆದಿದಾನೆ. 1642ರಲ್ಲಿ, ಅಂದ್ರೆ ಈ ಮೂರು ಮರಕ್ಕೆ ಒಂದು ವರ್ಷ ಮುಂಚೆ, ಕೊಳಲು ಹಿಡಿದ ಹುಡುಗನ ಒಂದು ಸಣ್ಣ ಎಚಿಂಗ್ ಮಾಡಿದಾನೆ, ಕೈಲಿ ಹೂಮಾಲೆ ಹಿಡಿದ ಹುಡುಗಿ, ಸುತ್ತ ಆಡು ಕುರಿ. ನಮ್ಮ ಕಣ್ಣಿಗೆ ತಕ್ಷಣ ಕೃಷ್ಣ ಕಾಣ್ತಾನೆ. ಆದ್ರೆ ಹುಡುಗನ ಭುಜದ ಮೇಲೆ ಗೂಬೆ ಕೂತಿದೆ, ಅವನ ನೋಟ ಹುಡುಗಿಯ ಲಂಗದ ಅಡಿಗೆ ಹೋಗಿದೆ. ಗೂಬೆ ಅಂದ್ರೆ ಅವರಲ್ಲಿ ಬುದ್ಧಿಗೇಡಿತನದ ಗುರುತು. ಆ ಫ್ಯಾಷನ್‌ನ ಮುಖವಾಡ ಕಿತ್ತು ಕೈಗೆ ಕೊಟ್ಟ ಹಾಗಿದೆ.

‘ಮೂರು ಮರಗಳು’ ಅದರಿಂದ ತುಂಬಾ ದೂರ. ಇಲ್ಲಿ ಯಾರೂ ವೇಷ ಹಾಕಿಲ್ಲ. ಮೀನು ಹಿಡಿಯೋನಿದಾನೆ, ದನ ಕಾಯೋರಿದಾರೆ, ಗಾಡಿಯಲ್ಲಿ ಎಲ್ಲಿಗೋ ಹೊರಟೋರಿದಾರೆ, ಪ್ರೀತಿ ಮಾಡೋರು ಪೊದೆಯೊಳಗೆ ಬಚ್ಚಿಟ್ಕೊಂಡಿದಾರೆ, ಎಲ್ಲರ ತಲೆ ಮೇಲೂ ಒಂದೇ ಆಕಾಶ. ನನಗೆ ಇದು ಹೆಚ್ಚು ನಿಜ ಅನ್ಸುತ್ತೆ, ಇದೇ ಹತ್ರ ಅನ್ಸುತ್ತೆ.

ಅಮ್ಮನ ಕಣ್ಣು ಮಾತ್ರ ಬಯಲಲ್ಲೇ ಇತ್ತು. “ದನ ಎಲ್ಲಿ, ಸರ್ಯಾಗಿ ತೋರ್ಸು” ಅಂದ್ಲು. ಝೂಮ್ ಮಾಡಿದ್ರೆ ಅವು ದನ ಅಲ್ಲವೇ ಅಲ್ಲ, ಒಂದು ಗೀರು, ಪಕ್ಕದಲ್ಲಿ ಇನ್ನೊಂದು ಸಣ್ಣ ಕೊಕ್ಕೆ, ಅಷ್ಟೇ. ಸ್ವಲ್ಪ ಹಿಂದಕ್ಕೆ ಬಂದ ತಕ್ಷಣ ದನ ಆಗ್ತವೆ. ಎಷ್ಟು ಹತ್ರ ಹೋದ್ರೆ ಗೀರು, ಎಷ್ಟು ದೂರ ಬಂದ್ರೆ ದನ ಅಂತ ನಾನು ಮೌಸ್ ಹಿಂದೆ ಮುಂದೆ ಉರುಳಿಸ್ತಾ ಕೂತೆ, ಆ ಗಡಿ ಸಿಗಲೇ ಇಲ್ಲ.

ಅಮ್ಮ ಹತ್ತು ವರ್ಷದವಳಿದ್ದಾಗಿಂದ ದನ ಕಾದವಳು. ಬೆಳಿಗ್ಗೆ ಹೊಡ್ಕೊಂಡು ಹೋಗಿ ಗೋಮಾಳದಲ್ಲಿ ಬಿಟ್ಟು ಸಂಜೆ ಕೆರೆ ಏರಿ ಮೇಲೆ ವಾಪಸ್ ಹೊಡ್ಕೊಂಡು ಬರೋದು, ಮಳೆ ಬಂದ್ರೆ ತಲೆ ಮೇಲೆ ಗೋಣಿಚೀಲದ ಕೊಪ್ಪೆ. ಈ ಕಥೆ ಎಲ್ಲ ನಾನು ಕೇಳಿದ್ದೆ. ಕೇಳದೇ ಇದ್ದ ಒಂದನ್ನ ಅವತ್ತು ಹೇಳಿದ್ಲು. ಒಂದು ರೋಹಿಣಿ ಮಳೆಯಲ್ಲಿ ಸಿಡಿಲು ಹೊಡೆದು ಹುಣಸೆಮರದ ಕೆಳಗೆ ನಿಂತಿದ್ದ ಎರಡು ಹಸು ಅಲ್ಲೇ ಸತ್ವಂತೆ, ಅದರಲ್ಲಿ ಒಂದು ಗಬ್ಬದ ಹಸು. ಅಮ್ಮ ಕೂಗಳತೆ ದೂರದಲ್ಲಿ ಬದುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ಲಂತೆ. ಮನೆಗೆ ಹೋಗಿ ಹೇಗೆ ಹೇಳೋದು ಅಂತ ಕತ್ತಲಾಗೋವರೆಗೂ ಅಲ್ಲೇ ಇದ್ಲಂತೆ. ಹೇಳಿ ಮುಗಿಸಿ, ಪ್ರಿಂಟ್ ಹಾಳೆಯಲ್ಲಿ ಮರದ ಬುಡದ ಮೇಲೆ ಬೆರಳಿಟ್ಲು. “ನೋಡು, ಇಷ್ಟು ಜನ ಅವ್ರೆ, ಮರದ ಬುಡ್ದಾಗೆ ಒಬ್ರಾದ್ರೂ ನಿಂತವ್ರಾ?” ನಮ್ಮ ಕಣ್ಣಿಗೆ ಕಂಡ ಮಟ್ಟಿಗೆ ಒಬ್ಬರೂ ಇರಲಿಲ್ಲ.

ಆ ಬಯಲು ಅಷ್ಟು ಚಪ್ಪಟೆಯಾಗಿ, ಅಷ್ಟು ಹುಲ್ಲಾಗಿ ಯಾಕಿದೆ ಅಂತನೂ ಅವಳು ಕೇಳಿದ್ಲು, ಯಾಕಂದ್ರೆ ಬಂದಾಗಿಂದ ರೈಲಿನ ಕಿಟಕಿಯಲ್ಲಿ ಅದನ್ನೇ ನೋಡಿದ್ಲು, ಹುಲ್ಲು, ಕಾಲುವೆ, ಹುಲ್ಲು, ಕಾಲುವೆ. ಹಾಲೆಂಡಿನ ಈ ಪಶ್ಚಿಮ ಭಾಗದ ನೆಲ ಬಹುಪಾಲು ಪೀಟ್, ಜೊಂಡು ಪಾಚಿ ಸಾವಿರಾರು ವರ್ಷ ನೀರಲ್ಲೇ ಸೇರಿಕೊಂಡು ಆದ ಕಪ್ಪು ಮೆತ್ತನೆ ಮಣ್ಣು. ನೀರು ಬಸಿದ್ರೆ ಈ ಮಣ್ಣು ಕುಗ್ಗುತ್ತೆ, ಕುಗ್ಗಿದ್ರೆ ನೆಲ ಇನ್ನೂ ತಗ್ಗಾಗಿ ಮತ್ತೆ ನೀರು ನಿಲ್ಲುತ್ತೆ, ಮತ್ತೆ ಬಸೀಬೇಕು. ಅಷ್ಟು ಒದ್ದೆ ನೆಲದಲ್ಲಿ ಪೈರು ಸರಿಯಾಗಿ ಬರಲ್ಲ, ಹುಲ್ಲು ಬರುತ್ತೆ. ಹುಲ್ಲಿಂದ ದನ, ದನದಿಂದ ಬೆಣ್ಣೆ, ಚೀಸ್. ರೊಟ್ಟಿಗೆ ಬೇಕಾದ ಧಾನ್ಯ ಬಾಲ್ಟಿಕ್ ಸಮುದ್ರದ ಕಡೆಯಿಂದ ಹಡಗಲ್ಲಿ ಬರ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನ ವ್ಯಾಪಾರಿಗಳು ದುಡ್ಡು ಹಾಕಿ ಕೆರೆಗಳನ್ನೇ ಬತ್ತಿಸಿ ಹೊಲ ಮಾಡಿದ್ರು, ಊರಿನ ಉತ್ತರಕ್ಕಿರೋ ಬೇಮ್‌ಸ್ಟರ್ ಅನ್ನೋ ದೊಡ್ಡ ಕೆರೆನ 40ಕ್ಕೂ ಹೆಚ್ಚು ಗಾಳಿಗಿರಣಿ ಹಾಕಿ 1612ರಲ್ಲಿ ಖಾಲಿ ಮಾಡಿದ್ರು. ಅಂದ್ರೆ ಈ ಚಿತ್ರದಲ್ಲಿ ನಮಗೆ ಪ್ರಕೃತಿ ಅಂತ ಕಾಣೋದ್ರಲ್ಲಿ ಎಷ್ಟೋ ಭಾಗ ಕೈಯಾರೆ ಮಾಡಿದ್ದು. ಕೆರೆ ಬತ್ತಿಸಿದ್ರು ಅಂದಾಗ ಅಮ್ಮನ ಮುಖ ಬಾಡಿತು. ನಮ್ಮ ಕಡೆ ಕೆರೆ ತುಂಬಲಿ ಅಂತ ಕಾಯೋ ಜನ ನಾವು.

ಒಂದು ಶನಿವಾರ ಅವಳನ್ನ ರೆಂಬ್ರಾಂಟ್ ಮನೆಗೆ ಕರ್ಕೊಂಡು ಹೋದೆ. ಯೋಡನ್‌ಬ್ರೇಸ್ಟ್ರಾಟ್ ಅನ್ನೋ ಬೀದಿಯಲ್ಲಿದೆ, ಈಗ ಮ್ಯೂಸಿಯಂ. 1639ರಲ್ಲಿ 13,000 ಗಿಲ್ಡರ್‌ಗೆ ಕೊಂಡಿದ್ದ, ಆ ಸಾಲ ಕಡೆಗೂ ತೀರಲಿಲ್ಲ, 1656ರಲ್ಲಿ ದಿವಾಳಿಯಾಗಿ ಮನೆಯಲ್ಲಿದ್ದ ಸಾಮಾನೆಲ್ಲ ಪಟ್ಟಿ ಮಾಡಿ ಮಾರಿದ್ರು. ಅದೇ ಪಟ್ಟಿ ಇಟ್ಕೊಂಡು ಈಗ ಕೋಣೆಗಳನ್ನ ಮತ್ತೆ ಜೋಡಿಸಿದಾರೆ. ಸುಮಾರು ಆ ದಿವಾಳಿಯ ವರ್ಷಗಳಲ್ಲೇ ಅವನು ಮೊಘಲ್ ಚಿತ್ರಗಳನ್ನ ನೋಡಿ ಜಪಾನ್ ಕಾಗದದ ಮೇಲೆ 20ಕ್ಕೂ ಹೆಚ್ಚು ನಕಲು ಮಾಡಿದ್ದ, ಜಹಾಂಗೀರ್, ಶಹಜಹಾನ್ ಎಲ್ಲ ಇದಾರೆ ಅದರಲ್ಲಿ. ಹಿಂದೂಸ್ತಾನ ಕಣ್ಣಲ್ಲಿ ಕಾಣದ ಮನುಷ್ಯ ಅದನ್ನ ಗೆರೆಯಲ್ಲಿ ಕಲೀತಿದ್ದ ಅನ್ನೋದು ನನಗೆ ಪ್ರತಿ ಸಲ ಮೈ ಜುಂ ಅನ್ನಿಸುತ್ತೆ.

ಅಲ್ಲಿ ಎಚಿಂಗ್ ಹೇಗೆ ಮಾಡ್ತಾರೆ ಅಂತ ಮಾಡಿ ತೋರಿಸ್ತಾರೆ. ತಾಮ್ರದ ತಗಡು, ಅದರ ಮೇಲೆ ಮೇಣ, ರಾಳ, ಡಾಂಬರಿನ ಥರದ್ದು ಸೇರಿಸಿದ ತೆಳು ಲೇಪ. ಸೂಜಿಯಲ್ಲಿ ಲೇಪ ಗೀರಿದ್ರೆ ಅಡಿಯ ತಾಮ್ರ ಕಾಣುತ್ತೆ, ತಗಡನ್ನ ಆಸಿಡ್‌ಗೆ ಹಾಕಿದ್ರೆ ಗೀರಿದ ಜಾಗ ಮಾತ್ರ ಕೊರೆದುಹೋಗುತ್ತೆ. ಜಾಸ್ತಿ ಹೊತ್ತು ಬಿಟ್ರೆ ಗೆರೆ ಆಳ, ಅಚ್ಚಲ್ಲಿ ಕಡುಕಪ್ಪು. ಬೇಗ ತೆಗೆದ್ರೆ ತೆಳು, ಬೂದು. ದೂರದ ಊರಿನ ಗೋಪುರ ಅಷ್ಟು ತೆಳ್ಳಗೆ, ಹತ್ತಿರದ ಪೊದೆ ಅಷ್ಟು ದಟ್ಟ ಯಾಕೆ ಅಂತ ನನಗೆ ಅರ್ಥ ಆಗಿದ್ದೇ ಅಲ್ಲಿ ನಿಂತಾಗ. ದೂರ ಹತ್ತಿರ ಅನ್ನೋದನ್ನ ಅವನು ಹೊತ್ತು ಲೆಕ್ಕ ಹಾಕಿ ಆಸಿಡ್ ಕೈಲಿ ಮಾಡಿಸಿದಾನೆ.

ಇನ್ನೊಂದು ವಿಧಾನ ಇದೆ, ಡ್ರೈಪಾಯಿಂಟ್. ಲೇಪ ಇಲ್ಲ, ಆಸಿಡ್ ಇಲ್ಲ, ಮೊನೆಯಿಂದ ನೇರ ತಾಮ್ರನೇ ಗೀರೋದು. ಸಾಲು ಹೊಡೆದಾಗ ನೇಗಿಲ ಪಕ್ಕ ಮಣ್ಣು ಏಳುತ್ತಲ್ಲ, ಹಾಗೆ ಗೆರೆಯ ಪಕ್ಕ ತಾಮ್ರ ಸಣ್ಣಗೆ ಏಳುತ್ತೆ. ಆ ಎದ್ದ ಅಂಚು ಮಸಿ ಹಿಡ್ಕೊಂಡು ಅಚ್ಚಲ್ಲಿ ಮಖಮಲ್ ಥರ ಕಪ್ಪು ಕೊಡುತ್ತೆ, ಆದ್ರೆ ಪ್ರೆಸ್ಸಿನ ಒತ್ತಡಕ್ಕೆ ಬೇಗ ಸವೆಯುತ್ತೆ, ಹಾಗಾಗಿ ಮೊದಮೊದಲ ಪ್ರತಿಗಳಲ್ಲಿದ್ದ ದಟ್ಟ ಕಪ್ಪು ಆಮೇಲಿನವುಗಳಲ್ಲಿ ಇರಲ್ಲ. ‘ಮೂರು ಮರಗಳು’ ಮಾಡೋಕೆ ಅವನು ಎಚಿಂಗು, ಡ್ರೈಪಾಯಿಂಟು, ಜೊತೆಗೆ ಬ್ಯೂರಿನ್ ಅನ್ನೋ ಸಣ್ಣ ಉಳಿ ಮೂರನ್ನೂ ಬಳಸಿದಾನೆ. ಉಳಿದೆಲ್ಲ ಕಡೆ ಕೈ ಓಡಿದ ಹಾಗೆ ಸುರುಳಿ ಸುರುಳಿ ಗೆರೆ, ಮಳೆ ಮಾತ್ರ ಸ್ಕೇಲ್ ಇಟ್ಟು ಎಳೆದಷ್ಟು ನೇರ, ಗಟ್ಟಿ, ಕೋಲು ನಿಲ್ಲಿಸಿದ ಹಾಗೆ. ಮೊದಲು ನನಗದು ಒರಟು ಅನ್ನಿಸ್ತಿತ್ತು, ಅಷ್ಟು ನಾಜೂಕು ಚಿತ್ರದಲ್ಲಿ ಇದ್ಯಾಕೆ ಹೀಗೆ ಅಂತ. ಅಮ್ಮ ಅದನ್ನ ಮೊದಲ ದಿನವೇ “ಮಳೆ ಕಾಲು ಬುಟ್ಟೈತೆ” ಅಂದಿದ್ಲು. ದೂರದಲ್ಲಿ ಮಳೆ ಬೀಳೋದು ಬಯಲಲ್ಲಿ ನಿಂತವರಿಗೆ ಹಾಗೇ ಕಾಣೋದು, ಹನಿ ಕಾಣಲ್ಲ, ಮೋಡದ ಕಾಲು ಕಾಣುತ್ತೆ.

ತಗಡಿಗೆ ಮಸಿ ಸವರಿ, ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈ ಬದಿಯಿಂದ ಲಘುವಾಗಿ ಒರೆಸ್ತಾರೆ, ಗೆರೆಯೊಳಗಿನ ಮಸಿ ಉಳೀಬೇಕು ಮೇಲಿನದು ಹೋಗಬೇಕು. ತೋರಿಸ್ತಿದ್ದ ಹೆಂಗಸಿನ ಕೈಯನ್ನ ಅಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಿದ್ಲು, “ಒಲೆ ಸಾರಿಸೋ ಕೈ ಇದ್ದಂಗೈತೆ” ಅಂದ್ಲು ನನ್ನ ಕಿವಿಯಲ್ಲಿ. ಒದ್ದೆ ಕಾಗದ ಹಾಕಿ, ಮೇಲೆ ಉಣ್ಣೆಬಟ್ಟೆ ಹಾಕಿ, ಪ್ರೆಸ್ ತಿರುಗಿಸಿ, ಕಾಗದದ ಮೂಲೆ ಹಿಡಿದು ನಿಧಾನಕ್ಕೆ ಎತ್ತಿದಾಗ ಅಲ್ಲಿದ್ದ ಏಳೆಂಟು ಜನ ಒಟ್ಟಿಗೆ ಮುಂದಕ್ಕೆ ಬಗ್ಗಿದ್ರು. ಅಮ್ಮ ತಗಡು ನೋಡಿದ್ಲು, ಕಾಗದ ನೋಡಿದ್ಲು, ಮತ್ತೆ ತಗಡು ನೋಡಿದ್ಲು.

“ಎಡಕ್ಕಿದ್ದಿದ್ದು ಬಲಕ್ಕೆ ಬಂದೈತೆ.”

ಹೌದು, ಅಚ್ಚು ಅಂದ್ರೆ ಹಾಗೇ, ತಿರುಗುಮುರುಗು. ರೆಂಬ್ರಾಂಟ್ ಆಮ್‌ಸ್ಟರ್‌ಡ್ಯಾಮ್ ಊರನ್ನ ದೂರದಿಂದ ನೋಡಿ ಮಾಡಿದ ಇನ್ನೊಂದು ಎಚಿಂಗಲ್ಲಿ ಇಡೀ ಊರೇ ಉಲ್ಟಾ ಇದೆ, ಅವನು ಅದನ್ನ ಸರಿ ಮಾಡೋ ಗೋಜಿಗೇ ಹೋಗಿಲ್ಲ. ಟ್ರಾಮಲ್ಲಿ ವಾಪಸ್ ಬರೋವಾಗ ಅಮ್ಮ ಮಾತಾಡಲಿಲ್ಲ, ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಪ್ರಿಂಟ್ ಹಾಳೆ ತಗೊಂಡು ವಾರ್ಡ್‌ರೋಬ್ ಕನ್ನಡಿ ಮುಂದೆ ನಿಂತ್ಲು.

ಕನ್ನಡಿಯಲ್ಲಿ ಅದು ಬೇರೆ ಚಿತ್ರ. ತಾಮ್ರದ ಮೇಲೆ ಅವನ ಕೈಕೆಳಗೆ ಇದ್ದಿದ್ದು ಇದೇ, ಮರ ಎಡಕ್ಕೆ, ಮಳೆ ಬಲಕ್ಕೆ. ಅಚ್ಚಿನ ಎಡ ಮೂಲೆಯಲ್ಲಿ ಮಸುಕಾಗಿ ಇರೋ ಅವನ ಸಹಿ ಕನ್ನಡಿಯಲ್ಲಿ ಹಿಂದುಮುಂದಾಗಿತ್ತು, ತಗಡಿನ ಮೇಲೆ ಅವನು ಅದನ್ನ ಹಾಗೇ ಬರೆದಿರಬೇಕು. ನಾವು ಓದೋದು ಎಡದಿಂದ ಬಲಕ್ಕೆ, ಡಚ್ಚರೂ ಅಷ್ಟೇ, ಕಣ್ಣಿಗೆ ಅದೇ ಅಭ್ಯಾಸ. ಅಚ್ಚಲ್ಲಿ ಮೊದಲು ಮಳೆ ಸಿಗುತ್ತೆ, ಆಮೇಲೆ ಬಯಲು, ಕೊನೆಗೆ ಮರದ ಹಿಂದಿನ ಬೆಳಕು, ಹಾಗಾಗಿ ಮಳೆ ಕಳೆದು ಹೊಳವಾಗ್ತಿದೆ ಅನ್ಸುತ್ತೆ. (ಹೊಳವು ಅನ್ನೋ ಮಾತು ನನ್ನ ಮಲೆನಾಡಿನ ಗೆಳತಿಯದು, ನಮ್ಮ ಕಡೆ ಮಳೆ ಬಿಡ್ತು ಅಂತಷ್ಟೇ ಅಂತೀವಿ, ಆದ್ರೆ ಈ ಬೆಳಕಿಗೆ ಆ ಮಾತೇ ಬೇಕು.) ಕನ್ನಡಿಯಲ್ಲಿ ಮೊದಲು ಮರ, ಬೆಳಕು, ಆಮೇಲೆ ಬಯಲು, ಕೊನೆಗೆ ಮಳೆ. ಅಲ್ಲಿ ಮಳೆ ಬರೋದಿದೆ. ಒಂದೇ ಗೆರೆಗಳು, ಹಾಳೆ ತಿರುಗಿಸಿದ್ರೆ ಹವಾಮಾನವೇ ಬದಲಾಯ್ತು. ಅವನಿಗೆ ಇದು ಗೊತ್ತಿರದೇ ಇರೋಕೆ ಸಾಧ್ಯವೇ ಇಲ್ಲ, ಜೀವನದಲ್ಲಿ ಸುಮಾರು 300 ತಗಡು ಕೆತ್ತಿದ ಮನುಷ್ಯ.

ಅಮ್ಮ ಒಪ್ಪಲಿಲ್ಲ. ಕನ್ನಡಿ ನಂಬೋಕಾಗಲ್ಲ, ಜನರನ್ನ ನೋಡು ಅಂದ್ಲು. ಅವಳ ಲೆಕ್ಕ ಹೀಗಿತ್ತು: ಮಳೆ ಬರೋ ಹಾಗಿದ್ರೆ ದನ ಕಾಯೋರು ಇಷ್ಟೊತ್ತಿಗೆ ದನ ತಿರುಗಿಸಿ ಊರ ದಾರಿ ಹಿಡಿದಿರ್ತಿದ್ರು, ಚಿತ್ರ ಬರೆಯೋನು ಕಾಗದ ಮಡಚಿರ್ತಿದ್ದ, ಎಲ್ಲಕ್ಕಿಂತ ಮುಖ್ಯವಾಗಿ ಗಾಳ ಹಿಡಿದೋನು ಎದ್ದಿರ್ತಿದ್ದ. “ಹೆಂಡ್ರುನ್ನೂ ಕುಂಡ್ರಿಸ್ಕಂಡು ಹಿಂಗೆ ನೆಮ್ಮದ್ಯಾಗೆ ಕೂತವ್ನೆ ಅಂದ್ರೆ ಮಳೆ ಓಗೈತೆ ಅಂತಲೇ ಲೆಕ್ಕ. ಮಳೆ ಬಂದ್ ಓದ್ಮ್ಯಾಕೆ ಮೀನು ಚೆನ್ನಾಗಿ ಬೀಳ್ತವೆ.”

ಸಾಸ್ಕಿಯಾ ವಿಷಯ ನಾನು ಹೇಳಬೇಕು ಅಂತ ಇರಲಿಲ್ಲ. ಆ ರಾತ್ರಿ ಪಾತ್ರೆ ತೊಳೀತಾ ಹೇಗೋ ಬಾಯಿಗೆ ಬಂತು. 1642ರ ಜೂನ್ 14ಕ್ಕೆ ಅವಳು ತೀರಿಕೊಂಡ್ಲು, 29 ವರ್ಷ. ಅದಕ್ಕೆ ಮುಂಚೆ ಅವರ ಮೂರು ಮಕ್ಕಳು ಹುಟ್ಟಿದ ಕೆಲವೇ ದಿನ ವಾರಗಳಲ್ಲಿ ಹೋಗಿದ್ವು. ಮೂರು ಮರ ಮಾಡಿದ್ದು ಅದರ ಮಾರನೇ ವರ್ಷ. ಹಾಗಾಗಿ ಕೆಲವರು ಈ ಬಿರುಗಾಳಿಯಲ್ಲಿ ಅವನ ದುಃಖ ಹುಡುಕ್ತಾರೆ, ಇನ್ನು ಕೆಲವರು ಮೂರು ಮರ ಅಂದ್ರೆ ಏಸುವನ್ನ ಶಿಲುಬೆಗೇರಿಸಿದ ಗುಡ್ಡದ ಮೂರು ಶಿಲುಬೆ ಅಂತಾರೆ. ನನಗೆ ಆ ಥರ ಒಂದಕ್ಕೊಂದು ಗಂಟು ಹಾಕೋದು ಇಷ್ಟ ಇಲ್ಲ. ಮರ ಮರವಾಗೇ ಇದ್ರೆ ಏನು ಕಮ್ಮಿ? ಆ ಎಲೆಗಳನ್ನ ನೋಡಿ, ಒಂದೊಂದು ಮರದ ಗಾಳಿ ಹಿಡಿಯೋ ರೀತಿನೇ ಬೇರೆ ಇದೆ.

ಅಮ್ಮ ನಲ್ಲಿ ನಿಲ್ಲಿಸಿದ್ಲು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಉಳಿದಿದ್ ಮಗಾ ಎಷ್ಟು ವರ್ಸದ್ದು ಆವಾಗ?”

ಟೈಟಸ್ ಅಂತ ಹೆಸರು, ಸಾಸ್ಕಿಯಾ ಸತ್ತಾಗ ಒಂಬತ್ತು ತಿಂಗಳು, ಮೂರು ಮರದ ವರ್ಷಕ್ಕೆ ಎರಡು ತುಂಬ್ತಿತ್ತು ಅಂದೆ. “ನಡೆಯೋಕೆ ಕಲ್ತಿರ್ತದೆ” ಅಂದ್ಲು. ಒರೆಸೋ ಬಟ್ಟೆ ಹಿಂಡಿ ಒಣಗೋಕೆ ಹಾಕಿ, ಫ್ರಿಜ್ ಹತ್ರ ಹೋಗಿ ಕಾರ್ಡ್ ನೋಡ್ತಾ ನಿಂತ್ಲು. ಏನು ನೋಡಿದ್ಲೋ ನಾನು ಕೇಳಲಿಲ್ಲ.

ಅವಳು ಹೊರಡೋಕೆ ಒಂದು ವಾರ ಇರುವಾಗ ಆಮ್‌ಸ್ಟೆಲ್ ನದಿ ದಂಡೆ ಮೇಲೆ ನಡೆಯೋಕೆ ಹೋದ್ವಿ. ರೆಂಬ್ರಾಂಟ್ ಕೂಡ ಊರಾಚೆ ಈ ದಂಡೆ ಮೇಲೆ ನಡೆದು ಚಿತ್ರ ಬರೀತಿದ್ದ. ಓಮ್‌ವಾಲ್ ಅನ್ನೋ ಜಾಗದ ಒಂದು ಎಚಿಂಗ್ ಇದೆ, 1645ರದ್ದು, ಅದರಲ್ಲೂ ಪೊದೆಯೊಳಗೆ ಪ್ರೇಮಿಗಳನ್ನ ಬಚ್ಚಿಟ್ಟಿದಾನೆ. ಈಗ ಅಲ್ಲಿ ಎತ್ತರದ ಆಫೀಸ್ ಕಟ್ಟಡಗಳಿವೆ, ಅದರಲ್ಲಿ ಎತ್ತರದ್ದಕ್ಕೆ ಅವನದ್ದೇ ಹೆಸರು ಇಟ್ಟಿದಾರೆ. ನಾವು ಅಷ್ಟು ದೂರ ಹೋಗಲಿಲ್ಲ, ಊರ ಗಲಾಟೆ ಮುಗಿದು ಹುಲ್ಲುಗಾವಲು ಶುರುವಾಗೋ ಕಡೆಗೆ ನಡೆದ್ವಿ. ಕಪ್ಪುಬಿಳಿ ಸೀಮೆಹಸುಗಳು ಮೇಯ್ತಿದ್ವು. ನಮ್ಮೂರ ಡೇರಿಗೆ ಹಾಲು ಹಾಕೋ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಹಸುಗಳ ಮೂಲ ತವರು ಇದೇ ದೇಶ ಅಂದಾಗ ಅಮ್ಮ ನಿಂತು ಒಂದೊಂದನ್ನೇ ಕೆಚ್ಚಲಿಂದ ಗೊರಸಿನವರೆಗೆ ನೋಡಿದ್ಲು, ಬೇಲಿಯಾಚೆಯಿಂದ ಬಾಯಲ್ಲಿ ಚ್ಚ ಚ್ಚ ಅಂತ ಕರೆದ್ಲು, ಒಂದು ಹಸು ತಲೆ ಎತ್ತಿ ನೋಡ್ತು ಕೂಡ.

ಆಗಲೇ ನದಿಯಾಚೆ ಮೋಡ ಕಟ್ಟಿತ್ತು. ನಾನು ಫೋನಲ್ಲಿ ಮಳೆ ರೇಡಾರ್ ಆ್ಯಪ್ ತೆಗೆದೆ, ಇಲ್ಲಿ ಎಲ್ಲರೂ ಅದನ್ನ ನೋಡದೆ ಮನೆಯಿಂದ ಹೊರಡಲ್ಲ. ಆ್ಯಪ್ ಪ್ರಕಾರ ಮಳೆ ನಮ್ಮ ಪಕ್ಕದಲ್ಲೇ ಹಾದುಹೋಗುತ್ತೆ. ಅಮ್ಮ ಸೆರಗು ತಲೆ ಮೇಲೆ ಎಳೆದ್ಕೊಂಡ್ಲು. “ಕಾಲು ಈ ಕಡೀಕೇ ಬಾಗೈತೆ, ನಡಿ” ಅಂದ್ಲು. ನೋಡಿದೆ, ದೂರದ ಚರ್ಚಿನ ಗೋಪುರದ ಪಕ್ಕ ಮೋಡದಿಂದ ನೆಲಕ್ಕೆ ಓರೆಯಾಗಿ ಬೂದು ಗೆರೆಗಳು, ನೇರ, ಕೋಲು ನಿಲ್ಲಿಸಿದ ಹಾಗೆ. ಇಷ್ಟು ವರ್ಷ ಇಲ್ಲಿದ್ದು ಅದನ್ನ ನಾನು ಮೊದಲ ಸಲ ನೋಡಿದ್ದು ಅನ್ನಿಸ್ತು. ನಾವು ಬಸ್‌ಸ್ಟಾಪ್ ತಲುಪೋ ಹೊತ್ತಿಗೆ ಮೊದಲ ಹನಿಗಳು ಬಿದ್ವು, ದಪ್ಪ ಹನಿ, ಅರ್ಧ ನಿಮಿಷದಲ್ಲಿ ಆಚೆ ದಡ ಕಾಣದ ಹಾಗೆ ಸುರೀತು. ಸ್ಟಾಪಿನ ಗಾಜಿನ ಗೋಡೆ ಮೇಲೆ ನೀರು ಧಾರೆಯಾಗಿ ಇಳೀತಿತ್ತು.

ನದಿ ಅಂಚಲ್ಲಿ ಒಬ್ಬ ಕೂತಿದ್ದ. ಬರೋವಾಗಲೂ ಅವನನ್ನ ದಾಟಿ ಬಂದಿದ್ವಿ, ಹಸಿರು ಜರ್ಕಿನ್, ಪಕ್ಕದಲ್ಲಿ ಬಕೆಟ್ಟು, ಕವಲು ಕೋಲಿನ ಮೇಲೆ ಗಾಳ ಒರಗಿಸಿಟ್ಟಿದ್ದ. ಈಗ ಟೋಪಿ ಮಾತ್ರ ಮುಂದಕ್ಕೆ ಎಳ್ಕೊಂಡಿದ್ದ. ಅಷ್ಟೇ. ಎದ್ದಿರಲಿಲ್ಲ.

ಅಮ್ಮ ಗಾಜಿನ ಮೇಲಿನ ಆವಿಯನ್ನ ಅಂಗೈಯಿಂದ ಒರೆಸಿ ಅವನನ್ನೇ ನೋಡಿದ್ಲು. ನಮ್ಮ ಬಸ್ ಬಂತು, ಬಾಗಿಲು ತೆಗೀತು, ಮುಚ್ಚಿಕೊಂಡು ಹೋಯ್ತು. ಅವಳು ನೋಡ್ತಾನೇ ಇದ್ಲು.

“ಹಂಗಾದ್ರೆ ಅದು ಬರೋ ಮಳೆನೇ ಇರ್ಬೋದು ಮಗ” ಅಂದ್ಲು.